ಲೆಕ್ಕ ಸರಿ ಇತ್ತು, ಮೀನು ಬೇರೆ ಇತ್ತು

ಕನಕಪುರ ದಾಟಿ ಸಂಗಮದ ಕಡೆ ಹೋದರೆ ಕಾವೇರಿ ದಡದಲ್ಲಿ ಗಾಳಿಬೋರೆ ಅಂತ ಒಂದು ಜಾಗ ಸಿಗುತ್ತದೆ. ಒಂದು ಕಾಲದಲ್ಲಿ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಗಾಳ ಹಿಡಿದುಕೊಂಡು ಬರುತ್ತಿದ್ದರು. ಹಿಡಿದ ಮೀನನ್ನು ತಿನ್ನುವ ಹಾಗಿಲ್ಲ. ತೂಕ ಹಾಕಬೇಕು, ಫೋಟೋ ತೆಗೆಸಿಕೊಳ್ಳಬೇಕು, ವಾಪಸ್ ಹೊಳೆಗೆ ಬಿಡಬೇಕು. ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ಎಷ್ಟು ತೂಗಿತು ಅನ್ನೋದನ್ನು ಕ್ಯಾಂಪಿನವರು ಬರೆದಿಡುತ್ತಿದ್ದರು.

1998ರಿಂದ 2012ರವರೆಗಿನ ಆ ದಾಖಲೆಯನ್ನು ಆಮೇಲೆ ವಿಜ್ಞಾನಿಗಳು ಕೂಡಿಸಿ ನೋಡಿದರು. 23,620 ಗಂಟೆ ಗಾಳ ಹಾಕಿದ ಲೆಕ್ಕ ಇತ್ತು. ಸಿಕ್ಕ ಮಹಶೀರ್ ಮೀನುಗಳು 6,161. ತೀರಾ ಚಿಕ್ಕದು ಅರ್ಧ ಕೆಜಿಗಿಂತ ಕಡಿಮೆ, ಎಲ್ಲಕ್ಕಿಂತ ದೊಡ್ಡದು 46.8 ಕೆಜಿ. ವರ್ಷದಿಂದ ವರ್ಷಕ್ಕೆ ಒಂದು ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಗಿತ್ತು.

ಇಷ್ಟನ್ನೇ ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಹೊಳೆಯಲ್ಲಿ ಮಹಶೀರ್ ಜಾಸ್ತಿ ಆಗುತ್ತಿದೆ, ಸಂರಕ್ಷಣೆ ಕೆಲಸ ಮಾಡಿದೆ, ಅಲ್ವಾ?

ಆದರೆ ಆ 6,161ರಲ್ಲಿ ಇದ್ದದ್ದು ಒಂದೇ ಮೀನಲ್ಲ. ಎರಡು ಬಗೆಯವು ಒಂದೇ ಹೆಸರಿನ ಕೆಳಗೆ ಸೇರಿಕೊಂಡಿದ್ದವು. ಬೇರೆ ಬೇರೆ ಮಾಡಿ ಎಣಿಸಿದಾಗ ಒಂದು ಬಗೆ ಭರಭರನೆ ಏರಿತ್ತು. ಇನ್ನೊಂದು ಅಷ್ಟೇ ಸದ್ದಿಲ್ಲದೆ ಇಳಿದಿತ್ತು. ಏರಿದ್ದು ಹೊರಗಿನಿಂದ ತಂದು ಬಿಟ್ಟ ಮೀನು. ಇಳಿದದ್ದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಮೀನು.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಪುಸ್ತಕದಲ್ಲಿ ಜೀವಿಗಳ ವರ್ಗೀಕರಣ ಬರುವುದು ಮೊದಲ ಪಿಯುಸಿಯ ಮೊದಲ ಪಾಠಗಳಲ್ಲಿ. ಜೀವಿಸಂದಣಿ (ಒಂದು ಜಾಗದಲ್ಲಿರುವ ಒಂದೇ ಪ್ರಭೇದದ ಜೀವಿಗಳ ಗುಂಪು), ಜೀವವೈವಿಧ್ಯ, ಅಳಿವು ಇವೆಲ್ಲ ಬರುವುದು ಎರಡನೇ ಪಿಯುಸಿಯ ತೀರಾ ಕೊನೆಯಲ್ಲಿ. ನಡುವೆ ಹೆಚ್ಚೂಕಡಿಮೆ ಎರಡು ವರ್ಷ. ಅಷ್ಟೊತ್ತಿಗೆ ಮಕ್ಕಳು ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಅನ್ನೋ ಪಟ್ಟಿಯನ್ನು ಮರೆತು, ನೀಟ್ ಕೋಚಿಂಗ್‌ನಲ್ಲಿ ಮತ್ತೆ ಉರುಹೊಡೆದು, ಮತ್ತೆ ಮರೆತಿರುತ್ತಾರೆ. ವರ್ಗೀಕರಣ ಅಂದರೆ ಮಾರ್ಕ್ಸಿಗೆ ಕಲಿಯುವ ಒಣ ಪಟ್ಟಿ ಅಂತ ಅವರ ತಲೆಯಲ್ಲಿ ಕೂತಿರುತ್ತದೆ. ಅಳಿವು ಅಂದರೆ ಡೋಡೋ, ಕ್ವಾಗಾ, ಸ್ಟೆಲ್ಲರನ ಕಡಲಹಸು. ಎಲ್ಲವೂ ದೂರದವು, ಎಲ್ಲವೂ ಹಳೆಯವು. ಈ ಪಾಠಗಳೆಲ್ಲ ಒಂದೇ ಪಾಠ ಅಂತ ತೋರಿಸೋಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಈ ಕಾವೇರಿ ಮೀನು. ಬೆಂಗಳೂರಿನವರು ನಲ್ಲಿ ತಿರುಗಿಸಿ ಕುಡಿಯುವ ನೀರು ಬರುವುದೂ ಅದೇ ಹೊಳೆಯಿಂದ.

ಮೊದಲು ಮೀನಿನ ಪರಿಚಯ. ಮಹಶೀರ್ ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ್ದು. ಅಂದರೆ ಮಾರ್ಕೆಟ್ಟಿನಲ್ಲಿ ಸಿಗುವ ಕಾಟ್ಲಾ, ರೋಹುಗಳ ದೊಡ್ಡ ನೆಂಟ. ಬಾಯಿಯ ಹತ್ತಿರ ಎರಡು ಜೊತೆ ಮೀಸೆ. ದವಡೆಯಲ್ಲಿ ಹಲ್ಲೇ ಇಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿ, ಬಸವನಹುಳುವಿನ ಚಿಪ್ಪನ್ನು ಆ ಗಂಟಲಹಲ್ಲಿನಲ್ಲೇ ಪುಡಿ ಮಾಡುತ್ತದೆ. ದೊಡ್ಡ ಮೀನಿನ ಒಂದೊಂದು ಹುರುಪೆ ಅಂಗೈ ಅಗಲ ಇರುತ್ತದೆ. ಕಾವೇರಿಯಲ್ಲಿ ಇದನ್ನು ಹಿಡಿಯೋಕೆ ಹಾಕುತ್ತಿದ್ದ ಎರೆ ಏನು ಗೊತ್ತಾ? ರಾಗಿ. ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಕೊಕ್ಕೆಗೆ ಮೆತ್ತುತ್ತಿದ್ದರು. ಲಕ್ಷಾಂತರ ರೂಪಾಯಿ ಖರ್ಚು ಮಾಡಿಕೊಂಡು ಬಂದ ದೊರೆಗಳು ಹರಿಗೋಲಿನಲ್ಲಿ ಕೂತು ನೀರಿಗೆ ಎಸೆಯುತ್ತಿದ್ದದ್ದು ನಮ್ಮ ಮುದ್ದೆಯನ್ನೇ.

ಕಾವೇರಿಯ ಸ್ವಂತ ಮಹಶೀರಿಗೆ ತಲೆಯ ಹಿಂದಿನಿಂದಲೇ ಬೆನ್ನು ಎದ್ದಿರುತ್ತದೆ, ಗೂನಿನ ಹಾಗೆ. ಈಜುರೆಕ್ಕೆ, ಅದರಲ್ಲೂ ಬಾಲ, ಕಿತ್ತಳೆ ಬಣ್ಣ. ಹೊರಗಿನಿಂದ ಬಂದದ್ದಕ್ಕೆ ಆ ಗೂನಿಲ್ಲ, ರೆಕ್ಕೆ ನೀಲಿ ಬೂದು. ಪಕ್ಕಪಕ್ಕ ಇಟ್ಟರೆ ಮಗು ಕೂಡ ಬೇರೆ ಅನ್ನುತ್ತದೆ. ಆದರೆ ಹೊಳೆಯಲ್ಲಿ ಯಾರೂ ಪಕ್ಕಪಕ್ಕ ಇಡುವುದಿಲ್ಲ. ಮರಿಗಳಲ್ಲಂತೂ ಗೂನು ಇನ್ನೂ ಎದ್ದಿರುವುದಿಲ್ಲ.

ಗೂನು ಮಹಶೀರ್ ಅಪರಿಚಿತ ಮೀನೇನೂ ಆಗಿರಲಿಲ್ಲ, ತಮಾಷೆ ಇರುವುದು ಅಲ್ಲೇ. ಹತ್ತೊಂಬತ್ತನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ಇದರ ಬಗ್ಗೆ ಬರೆದಿದ್ದರು. 1946ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡ್ ತೂಕದ್ದನ್ನು ಹಿಡಿದರು, ಅಂದರೆ ಸುಮಾರು 54 ಕೆಜಿ. ಮಹಾರಾಜರ ಬೇಟೆಯ ಹುಲಿಗಳ ಚರ್ಮವನ್ನು ಅಚ್ಚಿನ ಮೇಲೆ ಹೊದಿಸಿ ನಿಲ್ಲಿಸುತ್ತಿದ್ದ ಅದೇ ವ್ಯಾನ್ ಇಂಗನ್ ಮನೆತನ. ಗಾಳದ ಮೀನಿನ ಪುಸ್ತಕಗಳಲ್ಲಿ ಇವತ್ತಿಗೂ ಆ ದಾಖಲೆಯ ಮಾತು ಬರುತ್ತದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಮೂವರು ಯುವಕರು ಬಂದು ದೊಡ್ಡ ದೊಡ್ಡ ಮೀನು ಹಿಡಿದು ಹೋದ ಮೇಲೆ ಕಾವೇರಿಗೆ ಮತ್ತೆ ಹೆಸರು ಬಂತು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಕ್ಯಾಂಪುಗಳು ಶುರುವಾದವು.

ಇಷ್ಟು ಪ್ರಸಿದ್ಧ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಮಾತ್ರ ಇರಲಿಲ್ಲ.

ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಡುವ ಪದ್ಧತಿ ಹಾಕಿಕೊಟ್ಟ ಅಂತ ಮೊದಲ ವಾರದಲ್ಲೇ ಹೇಳಿಕೊಡುತ್ತೇವೆ. ಮ್ಯಾಂಜಿಫೆರಾ ಇಂಡಿಕಾ ಅಂದರೆ ಮಾವು, ಮುಗೀತು. ಆದರೆ ಹೆಸರು ಯಾವ ಮೀನಿನ ಮೇಲೆ ಕೂತಿದೆ ಅನ್ನೋದು ದೊಡ್ಡ ರಗಳೆ. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆ ಸುತ್ತಮುತ್ತಲಿನ ಹೊಳೆಗಳ ಮೀನುಗಳನ್ನು ವರ್ಣಿಸಿದ. ಅದರಲ್ಲಿ ಒಂದಕ್ಕೆ ಖುದ್ರೀ ಅಂತ, ಇನ್ನೊಂದಕ್ಕೆ ಮುಸ್ಸುಲ್ಲಾ ಅಂತ ಹೆಸರಿಟ್ಟ. ಎರಡೂ ಕೃಷ್ಣಾ ಕೊಳ್ಳದ ಮೀನು. ನೂರು ವರ್ಷ ಕಳೆದ ಮೇಲೆ, 1940ರ ದಶಕದಲ್ಲಿ, ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಗೂನು ಮಹಶೀರನ್ನು ಈ ಮುಸ್ಸುಲ್ಲಾ ಹೆಸರಿಗೆ ಜೋಡಿಸಿದರು. ಅಲ್ಲಿಂದ ಮುಂದೆ ಎಲ್ಲರೂ ಅದನ್ನೇ ಬರೆದರು. ಕೊನೆಗೆ ಸೈಕ್ಸ್‌ನ ವರ್ಣನೆಯನ್ನು ಮತ್ತೆ ಕೂತು ಓದಿ, ಅದೇ ಪ್ರದೇಶದ ಮೀನುಗಳ ಜೊತೆ ಹೋಲಿಸಿ ನೋಡಿದವರಿಗೆ ಗೊತ್ತಾದದ್ದು ಏನೆಂದರೆ ಮುಸ್ಸುಲ್ಲಾ ಮಹಶೀರೇ ಅಲ್ಲ. ಅದು ಹಿಪ್ಸೆಲೋಬಾರ್ಬಸ್ ಅನ್ನುವ ಬೇರೆಯೇ ಜಾತಿಯ ಮೀನು. ಹಾಗಾದರೆ ಕಾವೇರಿಯ ಗೂನು ಮೀನು ಯಾವುದು? ಹೆಸರಿಲ್ಲ. ಟಾರ್ ಅಂದರೆ ಮಹಶೀರ್‌ಗಳ ಜಾತಿಯ ಹೆಸರು; ಪ್ರಬಂಧಗಳಲ್ಲಿ ಸುಮ್ನೆ ‘ಟಾರ್ ಪ್ರಭೇದ’ ಅಂತ ಬರೆದು ಬಿಡುತ್ತಿದ್ದರು.

ಹೆಸರಿಲ್ಲದಿದ್ದರೆ ಏನಾಯ್ತು, ಮೀನು ಹೊಳೆಯಲ್ಲಿ ಇರುತ್ತದಲ್ಲ ಅಂತ ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ, ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ ನಡೆಯುವುದೇ ಪ್ರಭೇದದ ಲೆಕ್ಕದಲ್ಲಿ. ಒಪ್ಪಿತವಾದ ಹೆಸರು, ವರ್ಣನೆ ಇಲ್ಲದ ಜೀವಿಗೆ ಅಲ್ಲಿ ಜಾಗ ಸಿಗುವುದು ಬಹಳ ಕಷ್ಟ. ಕಾನೂನಿನ ಪಟ್ಟಿಗಳದ್ದೂ ಅದೇ ಕತೆ. ಸರ್ಕಾರಕ್ಕೆ ಬರೆಯುವ ಅರ್ಜಿಯಲ್ಲಿ ‘ಕಾವೇರಿಯ ಆ ದೊಡ್ಡ ಗೂನು ಮೀನು’ ಅಂತ ಬರೆಯೋಕಾಗುತ್ತದಾ? ಆಧಾರ್ ಇಲ್ಲದವನಿಗೆ ರೇಷನ್ ಸಿಗದ ಹಾಗೆ, ಈ ಮೀನು ಹೊಳೆಯಲ್ಲಿ ಇದ್ದೂ ಕಡತದಲ್ಲಿ ಇರಲಿಲ್ಲ.

ಈ ಮಧ್ಯೆ ಇನ್ನೊಂದು ಕಡೆ ಬಹಳ ಒಳ್ಳೆಯ ಮನಸ್ಸಿನಿಂದ ಒಂದು ಕೆಲಸ ನಡೆದಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾದವರ ವಿದ್ಯುತ್ ಕಂಪನಿ 1970ರ ದಶಕದಿಂದ ಮಹಶೀರ್ ಮರಿ ಮಾಡುವ ಕೇಂದ್ರ ನಡೆಸುತ್ತಾ ಬಂತು. ದೇಶದಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬೆಳೆಸಿ ಹೊಳೆಗಳಿಗೆ ಬಿಡೋಣ ಅನ್ನೋದು ಯೋಚನೆ. ಅವರು ಬೆಳೆಸಿದ್ದು ಸೈಕ್ಸ್ ಹೆಸರಿಟ್ಟ ಖುದ್ರೀ, ನೀಲಿ ರೆಕ್ಕೆಯದ್ದು. ಆ ಮರಿಗಳು ಕರ್ನಾಟಕಕ್ಕೂ ಬಂದವು, ಕಾವೇರಿಗೂ ಬಿದ್ದವು. ಆಗ ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಮಹಶೀರ್ ಕಡಿಮೆ ಇದೆ, ಮಹಶೀರ್ ತಂದು ಬಿಟ್ಟಿದ್ದೇವೆ. ಗೂನು ಮೀನಿಗೆ ಬೇರೆ ಹೆಸರೇ ಗಟ್ಟಿಯಾಗಿಲ್ಲದಿದ್ದಾಗ ಇದು ಬೇರೆ, ಅದು ಬೇರೆ ಅಂತ ಹೇಳುವವರು ಯಾರು?

ಈಗ ಜೀವಿಸಂದಣಿಯ ಪಾಠಕ್ಕೆ ಬರೋಣ. 1934ರಲ್ಲಿ ರಷ್ಯಾದ ಗಾಸ್ ಅನ್ನುವ ವಿಜ್ಞಾನಿ ಪ್ಯಾರಾಮೀಸಿಯಮ್ ಅನ್ನುವ ಏಕಕೋಶ ಜೀವಿಯ ಎರಡು ಬಗೆಗಳಾದ ಔರೇಲಿಯಾ, ಕಾಡೇಟಮ್‌ಗಳನ್ನು ಒಂದೇ ಗಾಜಿನ ಕೊಳವೆಯಲ್ಲಿ ಬೆಳೆಸಿದ ಪ್ರಯೋಗವನ್ನು ಪ್ರಕಟಿಸಿದ. ಬೇರೆ ಬೇರೆ ಇಟ್ಟಾಗ ಎರಡೂ ಚೆನ್ನಾಗಿ ಬೆಳೆದು, ಒಂದು ಮಟ್ಟಕ್ಕೆ ಬಂದು ನಿಂತವು. ಒಟ್ಟಿಗೆ ಇಟ್ಟಾಗ ಔರೇಲಿಯಾ ಉಳಿಯಿತು, ಕಾಡೇಟಮ್ ಸತ್ತುಹೋಯಿತು. ಒಂದೇ ಊಟಕ್ಕೆ ಒಂದೇ ರೀತಿ ಪೈಪೋಟಿ ಮಾಡುವ ಎರಡು ಪ್ರಭೇದಗಳು ಬಹಳ ಕಾಲ ಒಟ್ಟಿಗೆ ಬಾಳಲಾರವು ಅಂತ ಇದರಿಂದ ಕಲಿಸುತ್ತೇವೆ. ನಾನು ಇಲ್ಲಿ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ. ಗಾಸ್‌ಗೆ ಆ ಎರಡರ ನಡುವಿನ ವ್ಯತ್ಯಾಸವೇ ಗೊತ್ತಿರದಿದ್ದರೆ ಅವನ ನೋಟ್‌ಬುಕ್ಕಿನಲ್ಲಿ ಏನಿರುತ್ತಿತ್ತು? ಪ್ಯಾರಾಮೀಸಿಯಮ್ ಬೆಳೆಯಿತು, ಬೆಳೆದು ಒಂದು ಮಟ್ಟದಲ್ಲಿ ನಿಂತಿತು, ಎಲ್ಲ ಕ್ಷೇಮ. ಗಾಳಿಬೋರೆಯಲ್ಲಿ ಆದದ್ದು ಇದೇ. ಖುದ್ರೀಯೇ ಗೂನು ಮೀನನ್ನು ಒಕ್ಕಲೆಬ್ಬಿಸಿತು ಅಂತ ಕೊಳವೆಯೊಳಗಿನ ಪ್ರಯೋಗದಷ್ಟು ಖಚಿತವಾಗಿ ಯಾರೂ ಸಾಬೀತು ಮಾಡಿಲ್ಲ. ಹೊಳೆಯಲ್ಲಿ ಅಂಥ ಪ್ರಯೋಗ ಮಾಡೋಕೂ ಆಗದು. ಆದರೆ ಒಂದು ಏರುತ್ತಾ ಹೋದ ಹಾಗೆ ಇನ್ನೊಂದು ಇಳಿದದ್ದು ದಾಖಲೆಯಲ್ಲಿ ಇದೆ.

ಆ ದಾಖಲೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ವರ್ಷ ಕಳೆದ ಹಾಗೆ ಸಿಗುವ ಗೂನು ಮೀನಿನ ಸಂಖ್ಯೆ ಕಡಿಮೆಯಾಯಿತು, ಆದರೆ ಸಿಕ್ಕವುಗಳ ಸರಾಸರಿ ತೂಕ ಹೆಚ್ಚಾಯಿತು. ಗಾಳ ಹಾಕುವವನಿಗೆ ಇದು ಹಬ್ಬ. ಅಪರೂಪಕ್ಕೆ ಸಿಕ್ಕರೂ ಭಾರೀ ಮೀನು ಸಿಗುತ್ತದೆ. ಜೀವಿಸಂದಣಿ ಓದಿದವನಿಗೆ ಎದೆ ಝಲ್ಲೆನ್ನುವ ವಿಷಯ. ದೊಡ್ಡವು ಮಾತ್ರ ಸಿಗುತ್ತಿವೆ ಅಂದರೆ ಚಿಕ್ಕವು ಇಲ್ಲ. ಮೊಟ್ಟೆ ಇಡುತ್ತಿಲ್ಲವೋ, ಇಟ್ಟದ್ದು ಮರಿಯಾಗುತ್ತಿಲ್ಲವೋ, ಮರಿ ದೊಡ್ಡದಾಗುತ್ತಿಲ್ಲವೋ, ಅಂತೂ ಹೊಸ ತಲೆಮಾರು ಬರುತ್ತಿಲ್ಲ. ಹಳೆಯವೇ ವಯಸ್ಸಾಗುತ್ತಾ, ತೂಕ ಹೆಚ್ಚಿಸಿಕೊಳ್ಳುತ್ತಾ ಉಳಿದಿವೆ. ಪುಸ್ತಕದಲ್ಲಿ ವಯಸ್ಸಿನ ಪಿರಮಿಡ್ ಚಿತ್ರ ಇರುತ್ತದಲ್ಲ, ಕೆಳಗೆ ಅಗಲ ಇದ್ದರೆ ಬೆಳೆಯುವ ಸಂದಣಿ, ಕೆಳಗೆ ಸಣ್ಣ ಇದ್ದರೆ ಕುಗ್ಗುವ ಸಂದಣಿ ಅಂತ. ಇಲ್ಲಿ ಬುಡವೇ ಇಲ್ಲ. ಮಹಶೀರ್ ಬಹಳ ವರ್ಷ ಬದುಕುವ ಮೀನು, ಹಾಗಾಗಿ ಇಂಥ ಸಂದಣಿ ಹಲವು ವರ್ಷ ಎಲ್ಲರ ಕಣ್ಣಿಗೂ ಚೆನ್ನಾಗೇ ಕಾಣುತ್ತದೆ. ಕೊನೆಯ ಮುದಿ ಮೀನು ಸಾಯುವ ಎಷ್ಟೋ ಮೊದಲೇ ಅಳಿವು ನಡೆದುಹೋಗಿರುತ್ತದೆ.

ಬರೀ ಖುದ್ರೀಯ ತಲೆಗೆ ಕಟ್ಟುವುದೂ ಸರಿಯಲ್ಲ. ಮಹಶೀರ್ ಮಳೆಗಾಲದಲ್ಲಿ ಹೊಳೆ ಏರಿ ಬಂದಾಗ ಮೇಲಕ್ಕೆ ಹೋಗಿ, ಜಲ್ಲಿಕಲ್ಲು ಇರುವ ಶುದ್ಧ ನೀರಿನಲ್ಲಿ ಮೊಟ್ಟೆ ಇಡುವ ಮೀನು. ಕನ್ನಂಬಾಡಿ, ಮೆಟ್ಟೂರು, ಕಬಿನಿ ಅಂತ ಹೊಳೆಗೆ ಅಡ್ಡ ಕಟ್ಟುತ್ತಾ ಬಂದಿದ್ದೇವೆ. ಮರಳು ತೆಗೆದಿದ್ದೇವೆ. ತೋಟೆ ಸಿಡಿಸಿ ಮೀನು ಹಿಡಿಯುವವರು ಒಂದು ಮಡುವಿನ ಎಲ್ಲ ಜೀವವನ್ನೂ ಒಂದೇ ಏಟಿಗೆ ಮುಗಿಸುತ್ತಾರೆ. ಪುಸ್ತಕದಲ್ಲಿ ಅಳಿವಿಗೆ ನಾಲ್ಕು ಕಾರಣ ಕೊಡುತ್ತಾರೆ: ನೆಲೆ ಹಾಳಾಗುವುದು, ಮಿತಿಮೀರಿ ಬಳಸುವುದು, ಹೊರಗಿನ ಜೀವಿ ನುಗ್ಗುವುದು, ಒಂದರ ಜೊತೆ ಇನ್ನೊಂದು ಅಳಿಯುವುದು. ಮೊದಲ ಮೂರೂ ಇಲ್ಲಿ ಒಟ್ಟಿಗೆ ಕೂತಿವೆ. ಹೊರಗಿನ ಜೀವಿಗೆ ಪುಸ್ತಕ ಕೊಡುವ ಉದಾಹರಣೆ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್. ಅದು ಅಲ್ಲಿನ ಇನ್ನೂರಕ್ಕೂ ಹೆಚ್ಚು ಬಗೆಯ ಸಿಕ್ಲಿಡ್ ಮೀನುಗಳ ಅಳಿವಿಗೆ ಕಾರಣವಾಯಿತು ಅಂತ ಬರೆದಿದ್ದಾರೆ. ಒಳ್ಳೆಯ ಉದಾಹರಣೆಯೇ. ಆದರೆ ಅದನ್ನು ಓದಿದ ಹುಡುಗ ಹೊರಗಿನ ಜೀವಿ ಅಂದರೆ ಎಲ್ಲೋ ಕಡಲಾಚೆಯಿಂದ ಬಂದ ರಾಕ್ಷಸ ಅಂದುಕೊಳ್ಳುತ್ತಾನೆ. ಪಕ್ಕದ ಕೃಷ್ಣಾ ಕೊಳ್ಳದಿಂದ ಬಂದ, ಅದೇ ಜಾತಿಯ, ಅದೇ ಅಡ್ಡಹೆಸರಿನ ಮೀನು ಕೂಡ ಕಾವೇರಿಗೆ ಪರಕೀಯ ಅನ್ನೋದು ತಲೆಗೆ ಹತ್ತುವುದು ನಿಧಾನ. ಮಹಶೀರ್‌ಗಳು ತಮ್ಮತಮ್ಮಲ್ಲಿ ಬೆರಕೆಯಾಗಬಲ್ಲವು ಅನ್ನೋದು ಇನ್ನೊಂದು ತಲೆನೋವು.

ಗಾಳದ ಕ್ಯಾಂಪಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಭಯಾರಣ್ಯದೊಳಗೆ ಗಾಳ ಹಾಕುವುದು ಬೇಟೆಯೇ ಅಂತ 2012ರ ಹೊತ್ತಿಗೆ ಅದು ನಿಂತುಹೋಯಿತು. ಕಾನೂನಿನ ಮಾತು ಅರ್ಥವಾಗುತ್ತದೆ. ಮೋಜಿಗೆ ಮೀನಿನ ಬಾಯಿಗೆ ಕೊಕ್ಕೆ ಹಾಕುವುದು ನನಗೂ ಇಷ್ಟವಿಲ್ಲ. ಆದರೆ ಅಲ್ಲಿ ಗೈಡ್‌ಗಳಾಗಿದ್ದವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು. ಸಂಬಳ ಬಂದ ಮೇಲೆ ಹೊಳೆ ಕಾಯೋಕೆ ನಿಂತಿದ್ದರು. ಕ್ಯಾಂಪ್ ಮುಚ್ಚಿದಾಗ ಆ ಕಾವಲೂ ಹೋಯಿತು, ಬರೆದಿಡುವವರೂ ಹೋದರು. ಈ ಮೀನಿನ ಬಗ್ಗೆ ನಮಗೆ ಇಷ್ಟು ತಿಳಿದಿರುವುದೇ ಆ ಗಾಳದವರ ತೂಕದ ಪುಸ್ತಕದಿಂದ. ಪೂರ್ತಿ ನಿಲ್ಲಿಸುವ ಬದಲು ಬಿಗಿಯಾಗಿ ನಡೆಸಬಹುದಿತ್ತು ಅಂತ ನನಗೆ ಅನ್ನಿಸುತ್ತದೆ.

ಹೆಸರಿನ ಗಂಟು ಬಿಚ್ಚಿದ್ದು 2018ರಲ್ಲಿ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಕೇರಳದ ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಪಾಂಬಾರ್ ಹೊಳೆಯಿಂದ ಒಂದು ಮಹಶೀರನ್ನು ವರ್ಣಿಸಿ, ಮೀನು ವಿಜ್ಞಾನಿ ರೆಮಾ ದೇವಿ ಅವರ ಗೌರವಕ್ಕೆ ಟಾರ್ ರೆಮಾದೇವಿಯೈ ಅಂತ ಕರೆದಿದ್ದರು. ಅವರ ಕೈಗೆ ಸಿಕ್ಕಿದ್ದವು ಚಿಕ್ಕ ಮೀನುಗಳು. ಪಾಂಬಾರ್ ಕೇರಳದಲ್ಲಿ ಪೂರ್ವಕ್ಕೆ ಹರಿಯುವ ಮೂರು ಹೊಳೆಗಳಲ್ಲಿ ಒಂದು. ಅಮರಾವತಿಯ ಮೂಲಕ ಅದರ ನೀರೂ ಕಡೆಗೆ ಕಾವೇರಿಗೇ ಸೇರುತ್ತದೆ. ಅಡ್ರಿಯನ್ ಪಿಂಡರ್, ರಾಜೀವ್ ರಾಘವನ್, ನೀಲೇಶ್ ದಹಾನೂಕರ್ ಮತ್ತು ಜೊತೆಗಾರರು ಮೋಯಾರ್ ಹೊಳೆಯ ಗೂನು ಮಹಶೀರುಗಳ ಅಂಗರಚನೆ, ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿದರು. ಪಾಂಬಾರಿನ ಆ ಚಿಕ್ಕ ಮೀನೂ ಕಾವೇರಿಯ ಈ ದೈತ್ಯನೂ ಒಂದೇ ಪ್ರಭೇದ. ಹೆಸರು ಇಷ್ಟು ವರ್ಷ ಬೇರೆ ಹೊಳೆಯಲ್ಲಿ ಇತ್ತು, ಅಷ್ಟೆ.

ಅದೇ ವರ್ಷ ನವೆಂಬರ್‌ನಲ್ಲಿ ಟಾರ್ ರೆಮಾದೇವಿಯೈ ಕೆಂಪು ಪಟ್ಟಿಗೆ ಸೇರಿತು, ನೇರ ‘ತೀವ್ರ ಅಪಾಯದಲ್ಲಿದೆ’ ಅನ್ನುವ ಕೊನೆಯ ಮೆಟ್ಟಿಲಿಗೆ. ಅದರಾಚೆ ಇರುವುದು ಕಾಡಿನಲ್ಲಿ ಅಳಿದದ್ದು ಮತ್ತು ಪೂರ್ತಿ ಅಳಿದದ್ದು, ಎರಡೇ. ಖುದ್ರೀಯ ಕತೆ ಉಲ್ಟಾ. ಮೊದಲು ಅಪಾಯದಲ್ಲಿರುವ ಮೀನು ಅನ್ನಿಸಿಕೊಂಡಿದ್ದ ಅದು ಈಗ ‘ಹೆಚ್ಚಿನ ಚಿಂತೆ ಬೇಡ’ ಅನ್ನುವ ಗುಂಪಿನಲ್ಲಿದೆ. ಒಂದು ಮಹಶೀರ್ ಪಾಸ್, ಒಂದು ಮಹಶೀರ್ ಐಸಿಯುನಲ್ಲಿ.

ಈಗ ಗೂನು ಮೀನು ಉಳಿದಿರುವುದು ಗೊತ್ತಿರುವ ಮಟ್ಟಿಗೆ ಕೆಲವೇ ಕಡೆ, ಅದರಲ್ಲಿ ಮುಖ್ಯವಾದದ್ದು ಮೋಯಾರ್. ನೀಲಗಿರಿಯಿಂದ ಇಳಿದು, ಬಂಡೀಪುರ ಮದುಮಲೈ ಕಾಡುಗಳ ನಡುವೆ ಆಳವಾದ ಕಣಿವೆ ಕೊರೆದುಕೊಂಡು, ಭವಾನಿಸಾಗರಕ್ಕೆ ಸೇರುವ ಹೊಳೆ ಅದು. ಮೇಲೆ ವಿದ್ಯುತ್ ಯೋಜನೆ, ಕೆಳಗೆ ಅಣೆಕಟ್ಟು, ನಡುವಿನ ತುಂಡಿನಲ್ಲಿ ಈ ಮೀನು.

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಯಾರಾದರೊಬ್ಬರು ಕೈ ಎತ್ತೇ ಎತ್ತುತ್ತಾರೆ. ಸರ್, ಖುದ್ರೀ ಮರಿ ಮಾಡಿದ ಹಾಗೆ ಇದರ ಮರಿಯನ್ನೂ ಮಾಡಿ ಕಾವೇರಿಗೆ ಬಿಟ್ಟರಾಯಿತಲ್ಲ? ಮಾಡಬಹುದು. ಮಹಶೀರ್ ಮರಿ ಮಾಡುವ ವಿದ್ಯೆ ನಮ್ಮಲ್ಲಿ ಇದೆ. ಆದರೆ ಮರಿ ಮಾಡೋಕೆ ಮೊದಲು ಬಲಿತ ಗಂಡು ಹೆಣ್ಣು ಬೇಕು. ಅವನ್ನು ಇರುವ ಕೆಲವೇ ಮಡುಗಳಿಂದ ಎತ್ತಬೇಕು. ನಾಲ್ಕಾರು ತಂದೆತಾಯಿಗಳಿಂದ ಸಾವಿರಾರು ಮರಿ ಮಾಡಿದರೆ ಎಲ್ಲವೂ ಒಂದೇ ಮನೆಯ ಮಕ್ಕಳು, ಮುಂದಿನ ತಲೆಮಾರಿನಲ್ಲಿ ಒಳಸಂಬಂಧದ ತೊಂದರೆ ಶುರುವಾಗುತ್ತದೆ. ಹಿಡಿದ ಮೀನು ಬೆರಕೆಯಲ್ಲ ಅಂತ ಡಿಎನ್‌ಎ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಅಂದರೆ ಮತ್ತೆ ಮೊದಲ ಪಿಯುಸಿಯ ಮೊದಲ ಪಾಠ.

ಇಷ್ಟೆಲ್ಲ ಆದ ಮೇಲೂ ಬಿಡುವುದು ಎಲ್ಲಿಗೆ? ಕಾವೇರಿಯಲ್ಲಿ ಖುದ್ರೀ ಈಗ ಬೀಡುಬಿಟ್ಟಾಗಿದೆ. ಅದನ್ನು ಮಾತ್ರ ಆರಿಸಿ ಇಡೀ ಹೊಳೆಯಿಂದ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ. ಮೇಕೆದಾಟುವಿನಲ್ಲಿ ಅಣೆಕಟ್ಟು ಕಟ್ಟುವ ಪ್ರಸ್ತಾವ ಬೇರೆ ಇದೆ. ಅದು ಬಂದರೆ ಹರಿಯುವ ನೀರಿನ ಆ ತುಂಡೂ ನಿಂತ ನೀರಾಗುತ್ತದೆ. ಹಾಗಾಗಿ ಪತ್ರಿಕೆಯಲ್ಲಿ ‘ಹೊಳೆಗೆ ಮಹಶೀರ್ ಮರಿಗಳ ಬಿಡುಗಡೆ’ ಅಂತ ಫೋಟೋ ಬಂದಾಗಲೆಲ್ಲ ಅದನ್ನು ಕತ್ತರಿಸಿ ಕ್ಲಾಸಿಗೆ ತರೋಕೆ ಹೇಳುತ್ತೇನೆ. ಯಾವ ಮಹಶೀರ್, ಯಾವ ಹೊಳೆಯ ತಾಯಿಯದ್ದು, ಯಾವ ಹೊಳೆಗೆ ಬಿಟ್ಟರು ಅಂತ ಸುದ್ದಿಯೊಳಗೆ ಹುಡುಕೋದು ಅವರ ಹೋಮ್‌ವರ್ಕ್. ಸಾಮಾನ್ಯವಾಗಿ ಸಿಗುವುದು ಮರಿಗಳ ಸಂಖ್ಯೆ ಮತ್ತು ಬಿಟ್ಟ ಗಣ್ಯರ ಹೆಸರು.